ನಲ್ಲಿಯ ಬಳಿಯಿಂದ ಕಂಡ ಊರು

ಮದುವೆಯಾಗಿ ಚಿನ್ನದ ಗಣಿಯ ಕೋರಮಂಡಲ್‌ನ ಲೈನು ಮನೆಗೆ ಬಂದಾಗ ನನಗೆ ಹದಿನೇಳು. ತವರು ಬೇತಮಂಗಲದ ಕೆರೆಯಾಚೆಗಿನ ಹಳ್ಳಿ, ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಆದರೂ ಒಂದೂವರೆ ವರ್ಷ ನಾನು ಅತ್ತ ಹೋಗಲಿಲ್ಲ. ನಮ್ಮದು ಒಂದೇ ಕೋಣೆ, ಕಿಟಕಿಯಿಲ್ಲ. ಶಿಫ್ಟು ಮುಗಿಸಿ ಬಂದ ಗಂಡ ಹಗಲು ಮಲಗಿದರೆ ನಾನೂ ಅತ್ತೆಯೂ ಒಲೆಯ ಪಕ್ಕ ಬಳೆ ಸದ್ದಾಗದಂತೆ ಕೂರಬೇಕು. ಸೊಸೆ ಬಾಗಿಲಲ್ಲಿ ನಿಂತರೆ ಅತ್ತೆಗೆ ಆಗುತ್ತಿರಲಿಲ್ಲ.

ಮಾವ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ತೋಟದ ಮಾಲಿ. ದೊರೆಗಳು ಒಬ್ಬೊಬ್ಬರೇ ಗಣಿ ಬಿಟ್ಟು ತಮ್ಮ ಸೀಮೆಗೆ ಹೊರಟ ಕಾಲ. ಹೋಗುವಾಗ ದೊರೆಸಾನಿ ಮಾವನಿಗೆ ಗೋಡೆಯ ಮೇಲಿದ್ದ ದೊಡ್ಡ ಪಟ ಕೊಟ್ಟರು. ಫ್ರಾನ್ಸಿನ ಯಾವುದೋ ಊರಂತೆ. ಅಲ್ಲಿನ ಕೆಲವರು ಬಿಡಿ ಬಿಡಿಯಾಗಿ ಬಣ್ಣ ಮೆತ್ತಿಯೇ ಚಿತ್ರ ಬರೆಯುತ್ತಿದ್ದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಕಂಡದ್ದು ಬೂದು, ನೀಲಿ, ಇಟ್ಟಿಗೆ ಕೆಂಪು ಬಣ್ಣ ಮೆತ್ತಿದ ಗುರುತುಗಳು, ಅಷ್ಟೇ.

“ಗೋಡೆ ಸಾರ್ಸಿದಂಗೈತೆ. ಪೂರ್ತಿ ಮಾಡೋಕೆ ಪುರುಸೊತ್ತಿರ್ಲಿಲ್ವಾ ಅವನಿಗೆ?” ಎಂದರು ಅತ್ತೆ.

ಮಾವ ಬಾಗಿಲಿನ ಎದುರು ಗೋಡೆಗೆ ಮೊಳೆ ಹೊಡೆದರು. ನಾನು ಹಿಂದೆ ಸರಿದು ನೋಡಲು ಹೋದರೆ ನಾಲ್ಕೇ ಹೆಜ್ಜೆಗೆ ಹೊಸ್ತಿಲು ಸಿಗುತ್ತಿತ್ತು, ಅಲ್ಲಿ ನಿಲ್ಲುವಂತಿರಲಿಲ್ಲ.

ಒಂದು ಬೆಳಿಗ್ಗೆ ತವರಿನಿಂದ ಸುದ್ದಿ ಬಂತು, ಅಕ್ಕನಿಗೆ ಹೆರಿಗೆಯಾಗಿದೆ, ಹೆಣ್ಣು ಮಗು. ಎರಡು ದಿನ ಹೋಗಿ ಬರುತ್ತೇನೆಂದು ಕೇಳಿದೆ.

“ನೀನೋದ್ರೆ ನೀರ್ ತರೋರು ಯಾರು?” ಎಂದು ಅತ್ತೆ ಒಲೆಯತ್ತ ತಿರುಗಿದರು.

ಕಣ್ಣೊರೆಸಿಕೊಂಡು ಓಣಿಯಾಚೆಯ ನಲ್ಲಿಗೆ ಹೋದೆ. ಬಿಂದಿಗೆಯಿಟ್ಟು ಸುಮ್ಮನೆ ಮನೆಯ ಕಡೆ ನೋಡಿದರೆ, ತೆರೆದ ಬಾಗಿಲೊಳಗೆ ಎಳೆಬಿಸಿಲು ಬಿದ್ದು, ಆ ಗೋಡೆಯ ಮೇಲೆ ಒಂದು ಊರಿತ್ತು! ಹೊಳೆ, ಹೊಳೆದಂಡೆಗೆ ಹೆಂಚಿನ ಮನೆಗಳು, ಚರ್ಚಿನ ಗೋಪುರ, ತಣ್ಣಗೆ ಹೊರಳಿಕೊಂಡು ಹೋಗುವ ಬೀದಿ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಅಲ್ಲಿ ನಡೆದರೆ ಎಲ್ಲಿಗೆ ಅಂತ ಕೇಳುವವರೇ ಇಲ್ಲ.

“ಏನಮ್ಮಾ, ನೀರು ಓಗ್ತಾ ಐತೆ!” ಎಂದು ಹಿಂದಿದ್ದ ಹೆಂಗಸು ಕೂಗಿದಳು. ಅತ್ತೆ ಸೆರಗು ಬಿಗಿದು ನಲ್ಲಿಯವರೆಗೆ ಬಂದೇಬಿಟ್ಟರು.

“ಏನೇ, ನಿಂತಲ್ಲೇ ನಿದ್ದೇನಾ?”

“ಅತ್ತೆ, ಇಲ್ಲಿ ನಿಂತು ನಮ್ಮ ಪಟ ನೋಡಿ,” ಎಂದೆ. ಹೊಡೆದೇಬಿಡುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗಿದರು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಮದ್ವೆಯಾಗಿ ಬಂಗಾರ್ಪೇಟೇಲಿ ರೈಲಿಳಿದು ಬಂದೋಳು ಕಣೇ ನಾನು,” ಎಂದರು. “ಇಪ್ಪತ್ತೈದು ವರ್ಸ ಆಯ್ತು. ಬೇತಮಂಗ್ಲದ ಕೆರೇನೂ ನೋಡಿಲ್ಲ. ದಿನಾ ಈ ನಲ್ಲೀಲಿ ಕುಡಿಯೋದು ಅದರ ನೀರೇ.”

ಬಿಂದಿಗೆಯನ್ನು ಅವರೇ ಎತ್ತಿ ನನ್ನ ಸೊಂಟಕ್ಕಿಟ್ಟರು. ಒಳಗೆ ಬಂದರೆ ಪಟ ಮತ್ತೆ ಬರೀ ಮೆತ್ತಿದ ಬಣ್ಣ.

ತವರಿಗೆ ಕಳಿಸಲಿಲ್ಲ. ನಾನು ಅಕ್ಕನ ಮಗಳನ್ನು ನೋಡುವ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಆದರೆ ಅಂದಿನಿಂದ, ನಲ್ಲಿಯಲ್ಲಿ ಎಷ್ಟು ತಡವಾದರೂ ಅತ್ತೆ ನನ್ನನ್ನು ಕೂಗಲಿಲ್ಲ.