ರೇಷ್ಮೆಗೂಡಿಗೆ ಅಂಟಿಸಿದ ಸ್ಟಿಕ್ಕರ್

ಗೌರಿಬಿದನೂರಿನಿಂದ ಬೆಳಗಿನ ಬಸ್ಸಿಗೇ ಹೊರಟೆ. ಬರುತ್ತೇನೆಂದು ಶಿಡ್ಲಘಟ್ಟಕ್ಕೆ ಫೋನ್ ಮಾಡಿರಲಿಲ್ಲ. ಹೇಳಿ ಹೋದರೆ ಎಲ್ಲರೂ ಮಾದರಿ ಮಾಲೀಕರೇ. ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಪಾಠ ಹೇಳುವುದು, ದೊಡ್ಡವರಾದ ಮೇಲೆ ಅವರಿಗೆ ಕೆಲಸ ಹುಡುಕಿಕೊಡುವುದು ನನ್ನ ವೃತ್ತಿ. ಮಾಲೀಕ ಅತಿಯಾಗಿ ಹೊಗಳಿದರೆ ಹೋಗಿ ನೋಡಲೇಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ.

ನನ್ನ ವಿದ್ಯಾರ್ಥಿನಿ ಶೋಭಾ ಅಲ್ಲಿನ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಗೂಡು ಆರಿಸುವ ಕೆಲಸಕ್ಕೆ ಸೇರಿದ್ದಳು. ಕಲೆಯಾದದ್ದು, ತೂತುಬಿದ್ದದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಇವನ್ನೆಲ್ಲ ಬೇರೆ ಹಾಕಬೇಕು. ಮಾಲೀಕ ಮುನಿರಾಜು ಆಗಾಗ ಫೋಟೊ ಕಳಿಸಿ "ಸೂಪರ್ ಮೇಡಂ" ಎನ್ನುತ್ತಿದ್ದರು. ಒಂದು ದೂರೂ ಇಲ್ಲ! ಅದೇ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಏನಾದರೂ ಮೋಸವಿದ್ದರೆ ಅವಳನ್ನು ಕರೆದುಕೊಂಡೇ ಬರುತ್ತೇನೆಂದು ಅವಳಮ್ಮನಿಗೆ ಮಾತು ಕೊಟ್ಟಿದ್ದೆ.

ಹೆಂಗಸರಿಗೆ ಟಿಕೆಟ್ ಉಚಿತ. ಆದರೂ ಊರಿನ ಹೆಸರು ಸರಿಯಿದೆಯೇ ಎಂದು ಓದಿನೋಡಿದೆ. ಮಂಚೇನಹಳ್ಳಿ ದಾಟುವವರೆಗೂ ಮಂಜು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವ ಮುಂಚೆ ಇಡ್ಲಿ ತಿಂದೆ, ನಿನ್ನೆಯದೋ ಏನೋ ಎಂದು ಮುರಿದು ನೋಡಿಯೇ. ಚಿಂತಾಮಣಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, "ಶಿಡ್ಲಘಟ್ಟಕ್ಕೆ ಏನ್ ಕೆಲ್ಸಾನಮ್ಮ?" ಎಂದು ಕೇಳಿದಳು. ನೆಂಟರ ಮನೆಗೆ ಎಂದೆ. ಯಾರಿಗೆ ಯಾರು ಪರಿಚಯವೋ!

ಘಟಕದ ತುಂಬ ಗೂಡು ಬೇಯುವ ವಾಸನೆ. "ಒಂದ್ ಫೋನ್ ಮಾಡ್ಬಾರ್ದಾ ಮೇಡಂ?" ಎಂದು ಮುನಿರಾಜು ಓಡಿಬಂದರು. ಸಂಬಳ ಸರಿಯಾಗಿ ಬರುತ್ತಿತ್ತು, ಬೈಗುಳವೂ ಇರಲಿಲ್ಲ. ಆದರೆ ಉಳಿದವರ ಮುಂದೆಲ್ಲ ಹೊಸ ಗೂಡು, ಶೋಭಾಳ ಮುಂದೆ ಮಾತ್ರ ಒಣಗಿ ಮಾಸಿದವು. ಅವಳು ಬೇರೆ ಹಾಕಿದ್ದ ಒಂದು ಜೋಡಿಗೂಡಿಗೆ ನನ್ನ ಹಣೆಯ ಸ್ಟಿಕ್ಕರ್ ತೆಗೆದು ಮೆಲ್ಲಗೆ ಅಂಟಿಸಿದೆ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಉಂಡು ಬಂದು ನೋಡಿದರೆ ಶೋಭಾ ಆರಿಸಬೇಕಾದ ಬುಟ್ಟಿ ಮತ್ತೆ ತುಂಬಿತ್ತು. ಮೇಲೆಯೇ ನನ್ನ ಸ್ಟಿಕ್ಕರ್!

ಮುನಿರಾಜು ಮುಖ ಸಣ್ಣದು ಮಾಡಿಕೊಂಡರು. "ಅವಳು ಆರಿಸಿದ್ದನ್ನ ನಮ್ಮವ್ವನೇ ದಿನಾ ಮತ್ತೆ ಕಲಸಿಡ್ತಾರೆ. ತಪ್ಪು ಆರಿಸಿದ್ರೆ ನೂಲು ಹಾಳಲ್ವಾ ಮೇಡಂ? ಸಂಬಳ ಕೊಡ್ತಿದೀನಿ, ಅವಳೂ ಖುಷಿಯಾಗಿದಾಳೆ."

"ಅವಳು ತಪ್ಪು ಆರಿಸಿದ್ದು ನೋಡಿದೀರಾ?"

ನೋಡಿರಲಿಲ್ಲ. ಶೋಭಾಳ ಕೈ ಹಿಡಿದು "ಹೋಗಣ ಬಾರಮ್ಮ" ಎಂದೆ. ಅವಳು ಏಳಲಿಲ್ಲ. ಮುನಿರಾಜು ಅವರ ತಾಯಿ ಮೂಲೆಯಲ್ಲಿ ಕೂತಿದ್ದರು. ಅವರತ್ತ ನೋಡಿ ಶೋಭಾ ದನಿ ತಗ್ಗಿಸಿದಳು. "ಬೈಬೇಡಿ ಮೇಡಂ. ಪಾಪ, ಅಜ್ಜಿಗೆ ಕಣ್ಣು ಕಾಣ್ಸಲ್ಲ. ಒಳ್ಳೇದು ಕೆಟ್ಟದ್ದು ಎಲ್ಲಾ ಕಲಸಿಬಿಡ್ತಾರೆ. ನಾನು ಹೋದ್ರೆ ಸರಿ ಮಾಡೋರು ಯಾರು?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುನಿರಾಜು ಹೊಸ ಗೂಡಿನ ಬುಟ್ಟಿ ತಂದು ಅವಳ ಮುಂದಿಟ್ಟರು. ಅವಳು ಆರಿಸಿಟ್ಟದ್ದನ್ನು ತಾವೇ ಹೊರಳಿಸಿ ನೋಡಿದರು, ಒಂದೂ ತಪ್ಪಿರಲಿಲ್ಲ. ಆ ಒಳ್ಳೆಯ ಗೂಡುಗಳು ನೂಲು ಬಿಚ್ಚುವ ಕುದಿನೀರಿಗೆ ಬೀಳುವವರೆಗೂ ನಾನು ಜಾಗ ಬಿಟ್ಟು ಕದಲಲಿಲ್ಲ. ನೀರಿಗೆ ಬಿದ್ದದ್ದನ್ನು ಯಾರೂ ಮತ್ತೆ ಕಲಸಿಡುವಂತಿಲ್ಲ.

ಒಬ್ಬಳೇ ಹೊರಟೆ. ನಂಬಿಕೆ ಬರಲಿಲ್ಲ, ಗೇಟಿನ ತನಕ ಹೋದವಳು ವಾಪಸು ಬಂದು ಕಿಟಕಿಯಲ್ಲಿ ಇಣುಕಿದೆ. ಅಜ್ಜಿ ಅವಳ ಪಕ್ಕ ಬಂದು ಕೂತಿದ್ದರು. ಶೋಭಾ ಇನ್ನೊಂದು ಹೊಸ ಬುಟ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹೇಳುತ್ತಿದ್ದಳು:

"ಇದನ್ನ ಮಾತ್ರ ಮುಟ್ಬೇಡಿ ಅಜ್ಜಿ."