ನೀಲಿಗಟ್ಟಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಎಂಟೆದೆ ಎಂದು ಮೊದಲು ನಂಬಿದವರು ಸ್ವತಃ ದೊಡ್ಡಪ್ಪನೇ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಕುದಿಯುವ ತೊಟ್ಟಿಗಳ ಪಕ್ಕ ನಿಂತು ಮೇಸ್ತ್ರಿಗಿರಿ ಮಾಡುತ್ತಿದ್ದವರು. ಮಾಲೀಕನಿಗೂ ಸೊಪ್ಪು ಹಾಕಿದವರಲ್ಲ. ಆದರೆ ಹಲ್ಲಿನ ಡಾಕ್ಟರ ಹೆಸರೆತ್ತಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಮನೆ ಬಿಟ್ಟು ಹೊರಡುತ್ತಿದ್ದರು.

ದವಡೆ ಹಲ್ಲು ಹುಳುಕಾದಾಗ ಔಷಧಿ ಅಂಗಡಿಯಿಂದ ವಸಡು ಮರಗಟ್ಟಿಸುವ ಮುಲಾಮು ತಂದರು. ಕಾಳಿನಷ್ಟು ಹಚ್ಚಬೇಕೆಂದು ಅದರ ಮೇಲೇ ಬರೆದಿತ್ತು. ಅದೆಲ್ಲ ಪುಕ್ಕಲರಿಗೆ ಎಂದು ತೀರ್ಮಾನಿಸಿ, ಇವರು ಗೋಡೆಗೆ ಗಾರೆ ಮೆತ್ತುವಂತೆ ಮೆತ್ತಿಕೊಂಡರು. ಒಂದು ರಜೆಯ ದಿನ ಬೆಳಿಗ್ಗೆ ಇಡೀ ಟ್ಯೂಬನ್ನೇ ಖಾಲಿ ಮಾಡಿದರು. ನೋವೇನೋ ಹೋಯಿತು. ಸ್ವಲ್ಪ ಹೊತ್ತಿಗೆ ತುಟಿ, ಉಗುರು ನೀಲಿಗಟ್ಟಿದವು.

ಬೇರೆ ಮನೆಯಲ್ಲಾಗಿದ್ದರೆ ಎಲ್ಲರಿಗೂ ಗಾಬರಿಯಾಗುತ್ತಿತ್ತು. ನಮ್ಮಲ್ಲಿ ದೊಡ್ಡಮ್ಮ ಸೋಪು, ಬ್ರಷ್ಷು ತಂದರು. ನಿನ್ನೆಯ ಬಣ್ಣದ ಕೈಯಲ್ಲೇ ಬಾಯಿ ಒರೆಸಿಕೊಂಡಿದ್ದೀರಿ ಎಂದು ಬೈಯುತ್ತಾ ಉಗುರು ಉಜ್ಜಿದರು. ನಮ್ಮ ಕಾರ್ಖಾನೆಯ ನೀಲಿ ಇಷ್ಟು ಕಳಪೆಯಲ್ಲ ಎಂದು ದೊಡ್ಡಪ್ಪ ವಾದಕ್ಕಿಳಿದರು. ವಾದದ ನಡುವೆಯೇ ಏದುಸಿರು ಬಂದು, ಗೋಡೆಗೆ ಒರಗಿದವರು ಹಾಗೇ ಕುಸಿದರು. ದೊಡ್ಡಮ್ಮನ ಕೈಯಿಂದ ಬ್ರಷ್ಷು ಬಿತ್ತು. ನಾನು ಗಾಡಿ ಹುಡುಕಲು ಓಡಿದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರೆ ಚಾಕೊಲೇಟ್ ಬಣ್ಣ. ಏನು ತಗೊಂಡಿದ್ದರು ಎಂದು ಡಾಕ್ಟರಮ್ಮ ವಿಚಾರಿಸಿದರು. ದೊಡ್ಡಮ್ಮ ಮುಲಾಮಿನ ಸುದ್ದಿ ಹೇಳಿದರು.

"ಅದೇ ಕಾರಣ. ಅತಿಯಾದ್ರೆ ಕೆಲವ್ರಿಗೆ ಹೀಗಾಗುತ್ತೆ. ಕೆಂಪು ರಕ್ತಕಣ ಓಡಾಡ್ತಾನೇ ಇರುತ್ತೆ, ಆದ್ರೆ ಆಮ್ಲಜನಕ ಹೊರಲ್ಲ. ಇನ್ನು ತಡ ಮಾಡಿದ್ರೆ ಜೀವಕ್ಕೇ ಅಪಾಯ."

ಆಮೇಲೆ ಅವರು ಸಿರಿಂಜಿನಲ್ಲಿ ತಂದ ಮದ್ದು ಕಡು ನೀಲಿ. ನೀಲಿಯಾದವರಿಗೆ ಮತ್ತೆ ನೀಲಿಯೇ ಎಂದು ದೊಡ್ಡಮ್ಮ ಅಡ್ಡ ಬಂದರು. ಇದಕ್ಕೆ ಮದ್ದೇ ಅದು ಎಂದು ನರ್ಸು ಅವರನ್ನು ಪಕ್ಕಕ್ಕೆ ಕೂರಿಸಿದಳು. ನಿಧಾನವಾಗಿ ತುಟಿಗೆ ಕೆಂಪು ಮರಳಿತು. ಜಂಬದ ಮುದುಕ ಉಳಿದನಲ್ಲ ಎಂದು ನನಗೆ ಅಳು ಉಕ್ಕಿ ಬಂತು.

ಚೇತರಿಸಿಕೊಂಡ ಮೇಲೆ ಹಲ್ಲಿನ ಡಾಕ್ಟರ ಬಳಿ ಎಳೆದೊಯ್ದೆವು. ಅವರು ನಡೆದದ್ದನ್ನೆಲ್ಲ ಕೇಳಿ, ಬೇರೆ ಬಗೆಯ ಮರಗಟ್ಟಿಸುವ ಮದ್ದನ್ನು ಅಳೆದು ಚುಚ್ಚಿದರು. ದೊಡ್ಡಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಯಾವಾಗ ಕೀಳ್ತೀರಿ ಎಂದು ತೊದಲುತ್ತಾ ಕೇಳಿದರು. ಹಲ್ಲು ಆಗಲೇ ತಟ್ಟೆಯಲ್ಲಿತ್ತು.

ದೊಡ್ಡಮ್ಮ ಆ ತಟ್ಟೆ ಎತ್ತಿ ಗಂಡನ ಮೂಗಿನ ಕೆಳಗೆ ಹಿಡಿದರು.

"ಇಷ್ಟಕ್ಕಾ ನನ್ನ ಒಂಟಿ ಮಾಡಿ ಹೋಗೋಕೆ ಹೊರಟಿದ್ದು?"

ದೊಡ್ಡಪ್ಪ ಬಾಯಿ ಮರಗಟ್ಟಿದೆ, ಮಾತು ಬರುತ್ತಿಲ್ಲ ಎಂದು ಕೈಸನ್ನೆ ಮಾಡಿದರು.