ಅವ್ವನ ಬೀಗ ಮತ್ತು ಹಿಂಬಾಗಿಲು

ವಿಜಯವಾಡದಲ್ಲಿ ನಮ್ಮೆದುರಿನ ಮನೆಗೆ ಬೆಂಕಿ ಬಿದ್ದ ಮಧ್ಯಾಹ್ನ, ಆ ಮನೆಯ ಅಜ್ಜಿ ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಗೆ ಚಾಚಿ ನಿಂತಿದ್ದರು. ಮುಂಬಾಗಿಲಲ್ಲಿ ಹೊಗೆ, ಹಿಂಬಾಗಿಲಿಗೆ ಮನೆಯವರೇ ಅಡ್ಡ ಇಟ್ಟ ಹಳೆಯ ಬೀರು. ಅಗ್ನಿಶಾಮಕದವರು ಸರಳು ಕತ್ತರಿಸಿ ಇಳಿಸಿದರು, ಅಜ್ಜಿ ಬದುಕಿಕೊಂಡರು. ಆ ಕೈ ಮಾತ್ರ ನನ್ನ ಕಣ್ಣೆದುರಿನಿಂದ ಹೋಗಲಿಲ್ಲ. ನಮ್ಮ ಮನೆಯಲ್ಲೂ ಅದೇ ವಯಸ್ಸಿನ, ಮೊಣಕಾಲು ನೋವಿನ ಅವ್ವ ಇದ್ದಾಳೆ.

ಅಷ್ಟರಲ್ಲಿ ಬ್ಯಾಂಕು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿತು. ಅಲ್ಲಿ ದ್ವಾರಕಾ ನಗರದ ಮಹಡಿ ಮೇಲಿನ ಬಾಡಿಗೆ ಮನೆಯನ್ನು ನಾನು ಒಪ್ಪಿದ್ದು ಅದಕ್ಕೆ ಎರಡು ಬಾಗಿಲುಗಳಿವೆ ಎಂಬ ಒಂದೇ ಕಾರಣಕ್ಕೆ. ಬೆಂಕಿ ಬಿದ್ದರೆ ಎಲ್ಲರೂ ಗೇಟಿನ ಬಾದಾಮಿ ಮರದಡಿ ಸೇರಬೇಕೆಂದು ವಿವರಿಸಿ, ಒಂದು ಭಾನುವಾರ ಬೆಳಿಗ್ಗೆ ಊಟದ ತಟ್ಟೆಗೆ ಸೌಟಿನಿಂದ ಬಡಿದೆ. ಹೆಂಡತಿ, ಮಗಳು ಇಳಿದರು. ಅವ್ವ ಬಾಗಿಲಲ್ಲಿ ನಿಂತು ಸೊಂಟದ ಬೀಗದ ಕೈ ಹುಡುಕತೊಡಗಿದಳು.

"ಬೆಂಕಿ ಹತ್ತೇದವ್ವಾ, ನಡಿ!"

"ಎಲ್ಲೆ ಹತ್ತೇದ? ನನಗೇನ ಕಾಣವಲ್ದು."

"ಹತ್ತೇದ ಅಂತ ತಿಳ್ಕೋಬೇಕು."

"ಆತು. ಬೀಗಾ ಹಾಕದ ಮನಿ ಬಿಟ್ಟು ಹೆಂಗ ಬರೋದು?"

ಸದ್ದಿಗೆ ಹೊರಬಂದ ಪಕ್ಕದ ಮನೆಯಾಕೆ "ಏಮಯಿಂದಂಡಿ?" ಎಂದು ಗಾಬರಿಯಿಂದ ತೆಲುಗಿನಲ್ಲಿ ಏನಾಯಿತೆಂದು ಕೇಳಿದರು. ಕೆಳಗಿನಿಂದ ಮಗಳು, "ಏಮೀ ಲೇದು ಆಂಟಿ, ಮಾ ನಾನ್ನ ಪ್ರಾಕ್ಟೀಸ್!" ಎಂದಳು. ಏನೂ ಇಲ್ಲ, ನಮ್ಮಪ್ಪನ ಪ್ರಾಕ್ಟೀಸ್ ಅಷ್ಟೇ ಎಂದು ಅಪ್ಪನ ಮಾನ ಕಳೆದಳು.

ಎಲ್ಲರನ್ನೂ ಮತ್ತೆ ಮೇಲೆ ಕರೆದೆ. ಈಗ ಬೆಂಕಿ ಮುಂಬಾಗಿಲಲ್ಲೇ ಇದೆ ಎಂದು ನಾನು ಸಾರಿದ ಮೇಲೆ ಎಲ್ಲರೂ ಅಡುಗೆಮನೆಯ ಹಿಂಬಾಗಿಲಿಗೆ ನಡೆದೆವು. ಅಲ್ಲಿ ವಿಜಯವಾಡದಿಂದ ಬಂದ ರಟ್ಟಿನ ಡಬ್ಬಿಗಳು ಎದೆಯೆತ್ತರಕ್ಕೆ ನಿಂತಿದ್ದವು. ವರ್ಗವಾಗುವವರ ಮನೆಗಳಲ್ಲಿ ಕೆಲವು ಡಬ್ಬಿಗಳ ಹಗ್ಗ ಬಿಚ್ಚುವುದೇ ಇಲ್ಲ. ಹೇಗೂ ಮತ್ತೆ ಕಟ್ಟಬೇಕಲ್ಲ. ಎದುರುಮನೆಯವರ ಬೀರುವಿನ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ ನಾನು, ದಿನಾ ಬೆಳಿಗ್ಗೆ ಕಾಫಿ ಲೋಟ ಇಡುತ್ತಿದ್ದುದು ಆ ಡಬ್ಬಿಗಳ ಮೇಲೆಯೇ.

"ಬೆಂಕೀಗೆ ಸ್ವಲ್ಪ ನಿಂದ್ರು ಅನ್ರೀ," ಎಂದಳು ಹೆಂಡತಿ. "ಡಬ್ಬಿ ಸರಸ್ತೀನಿ."

ಅವ್ವ ತುದಿಯಲ್ಲಿದ್ದ ಗಿಡ್ಡ ಡಬ್ಬಿಯ ಮೇಲೆ ಕುಳಿತೇಬಿಟ್ಟಳು. "ನಾ ಇಲ್ಲೇ ಕೂಡ್ತೀನಿ. ನೀವು ಓಡ್ರಿ."

ಎಲ್ಲರೂ ನಕ್ಕರು. ನಗುನಗುತ್ತಲೇ ಅವ್ವ ಏಳಲು ಆಸರೆಗೆಂದು ಪಕ್ಕದ ಕಿಟಕಿಯ ಸರಳು ಹಿಡಿದಳು. ಆ ಕೈ ನೋಡಿದವನೇ ನಾನು ಚಾಕು ತಂದು ಹಗ್ಗಗಳನ್ನು ಕೊಯ್ಯಲು ಕುಳಿತೆ. ಸಂಜೆಯ ಹೊತ್ತಿಗೆ ನಮ್ಮ ಸಂಸಾರವೆಲ್ಲ ಕಪಾಟು ಸೇರಿತ್ತು.

"ಪೂರಾ ಬಿಚ್ಚಿದಿ," ಎಂದಳು ಅವ್ವ. "ಇನ್ನ ಟ್ರಾನ್ಸ್‌ಫರ್ ಬಂದಂಗಽ."

ಮುಂದಿನ ಭಾನುವಾರ ತಟ್ಟೆ ಬಡಿದಾಗ ಅವ್ವ ಸೊಸೆಯ ಭುಜ ಹಿಡಿದು ಹಿಂಬಾಗಿಲಿನಿಂದ ಇಳಿದು, ನನಗಿಂತ ಮೊದಲೇ ಬಾದಾಮಿ ಮರದಡಿ ತಲುಪಿದ್ದಳು. ಕೈಯಲ್ಲಿ ಬೀಗವಿತ್ತು. ಅದನ್ನೇ ನೋಡುತ್ತಿದ್ದ ನನಗೆ ಹೇಳಿದಳು:

"ಹಾಕೇನಿ ಅಂತ ತಿಳ್ಕೋ."